ತೊಳೆದ ಬಟ್ಟೆಯ ಕಲೆ ಮತ್ತು ವಸಂತಿ

ಕಲೆ ತೆಗೆಯುವುದನ್ನು ಕಲಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಈಗಂತೂ ಮೊಬೈಲಿನಲ್ಲೇ ಎಲ್ಲ ಇದೆ. ಯಾವ ಕಲೆಗೆ ನಿಂಬೆಹಣ್ಣು, ಯಾವುದಕ್ಕೆ ಸೋಡಾ ಎಂದು ಯಾರು ಬೇಕಾದರೂ ಹೇಳುತ್ತಾರೆ. ಆದರೆ ಲಾಂಡ್ರಿಯಲ್ಲಿ ದುಡಿಯುವವನ ನಿದ್ದೆ ಕೆಡಿಸುವುದು ಆ ಕಲೆಗಳಲ್ಲ. ನಮ್ಮ ಕೈಗೆ ಬರುವಾಗ ಬೆಳ್ಳಗಿದ್ದ ಬಟ್ಟೆ, ತೊಳೆದು ಒಣಗಿಸಿ ಇಸ್ತ್ರಿ ಮಾಡಿದ ಮೇಲೆ ಕಲೆ ತೋರಿಸುತ್ತದಲ್ಲ, ಅದು ಕೆಡಿಸುತ್ತದೆ. ಗಿರಾಕಿ ಬಟ್ಟೆಯನ್ನು ಕೌಂಟರ್ ಮೇಲೆ ಹರಡಿ, "ನಾನು ಕೊಟ್ಟಾಗ ಇದು ಇರಲಿಲ್ಲ" ಎನ್ನುತ್ತಾನೆ. ಅವನು ಹೇಳುವುದು ನಿಜವೇ. ಹಾಗಾದರೆ ತಪ್ಪು ಯಾರದು? ನಮ್ಮದೇ, ಮತ್ತೆ ಯಾರದು! ಅಲ್ಲ ಎಂದು ತೋರಿಸಬೇಕಾದರೆ ಕಲೆ ಎಲ್ಲಿಂದ ಬಂತೆಂದು ಹುಡುಕಬೇಕು. ನಾನು ಮುಂಬೈಯ ಚೆಂಬೂರಿನ ಒಂದು ಲಾಂಡ್ರಿಯಲ್ಲಿ ಜೀವಮಾನವಿಡೀ ಮಾಡಿದ್ದು ಈ ಕೆಲಸ.

ಹೊಸದಾಗಿ ಈ ಕಸುಬಿಗೆ ಬರುವವರಿಗಾಗಿ ನಿಮ್ಮ ಅನುಭವ ಬರೆದಿಡಿ ಎಂದು ಕೆಲವರು ಹೇಳಿದರು. ಬರೆಯಲು ಕೂತರೆ ಒಂದೊಂದು ಕಲೆಯ ಹಿಂದೆಯೂ ವಸಂತಿಯ ಮುಖ ಕಾಣುತ್ತದೆ. ಅವಳ ಮೇಲೆ ನನಗಿದ್ದ ಹೊಟ್ಟೆಕಿಚ್ಚನ್ನು ಬಿಟ್ಟು ನನ್ನ ಕೆಲಸದ ಕಥೆ ಹೇಳಲು ಸಾಧ್ಯವಿಲ್ಲ. ಆದ್ದರಿಂದ ಅದನ್ನೂ ಸೇರಿಸಿಯೇ ಹೇಳುತ್ತೇನೆ.

ನಾನು ಬೈಲಹೊಂಗಲದ ಕಡೆಯವನು. ಆಂಟಾಪ್ ಹಿಲ್‌ನಲ್ಲಿದ್ದ ಮಾವನ ಮನೆಗೆ ಬಂದು, ಅವರ ಪರಿಚಯದ ಮೇಲೆ ಪಾರೇಖ್ ಸೇಠರ ಲಾಂಡ್ರಿ ಸೇರಿದೆ. ಹೋಟೆಲ್ಲಿನ ಚಾದರ, ನರ್ಸಿಂಗ್ ಹೋಮಿನ ಬಟ್ಟೆ, ಮನೆಗಳ ರೇಷ್ಮೆ ಸೀರೆ, ಸೂಟು ಎಲ್ಲ ಅಲ್ಲಿಗೆ ಬರುತ್ತಿದ್ದವು. ನನ್ನದು ಸ್ಪಾಟಿಂಗ್ ಟೇಬಲ್. ಅಂದರೆ ಹಬೆ ಬಿಡುವ ಪಿಚಕಾರಿ, ಕುಂಚ, ಸಣ್ಣ ಸಣ್ಣ ಬಾಟಲಿಗಳನ್ನು ಇಟ್ಟುಕೊಂಡು ಒಂದೊಂದೇ ಕಲೆಯನ್ನು ಕೈಯಿಂದ ತೆಗೆಯುವ ಮೇಜು.

ನನಗೆ ಹೆಸರು ಬಂದದ್ದು ಒಂದು ಮದುವೆಯ ಪಂಚೆಗಳಿಂದ. ಮಾಟುಂಗದ ಮದುವೆ ಮನೆಯಿಂದ ಬಂದ ಬಿಳಿ ಪಂಚೆಗಳು ಯಂತ್ರದಿಂದ ಹೊರಬಂದಾಗ ಅಲ್ಲಲ್ಲಿ ಕೆಂಪಾಗಿದ್ದವು. ಯಾವುದೋ ಕೆಂಪು ಸೀರೆಯ ಬಣ್ಣ ಬಿಟ್ಟಿದೆ ಎಂದು ಸೇಠ್ ಒಗೆಯುವವರ ಮೇಲೆ ಹರಿಹಾಯ್ದರು. ನಾನು ಮೂಸಿ ನೋಡಿದೆ. ಬೆರಳಿಗೆ ಸ್ವಲ್ಪ ವಿನೆಗರ್ ಹಚ್ಚಿಕೊಂಡು ಕೆಂಪಿನ ಮೇಲೆ ಒತ್ತಿದೆ. ಬೆರಳಿನ ಅಡಿಯಲ್ಲಿ ಕೆಂಪು ಹೋಗಿ ಹಳದಿಯಾಯಿತು. ಅರಿಶಿನ! ಅರಿಶಿನದ ಶಾಸ್ತ್ರದಲ್ಲಿ ಹತ್ತಿದ್ದು ಕಣ್ಣಿಗೆ ಕಾಣದಷ್ಟು ತೆಳ್ಳಗಿತ್ತು. ನಮ್ಮ ಸೋಪಿನ ಕ್ಷಾರಕ್ಕೆ ಕೆಂಪಾಗಿತ್ತು. ವಿನೆಗರ್ ನೀರಿನಲ್ಲಿ ಅದ್ದಿ, ತಾರಸಿಯ ಬಿಸಿಲಿಗೆ ಹಾಕಿದೆವು. ಪಂಚೆಗಳು ಬೆಳ್ಳಗಾದವು.

"ಬಸು ಭಾಯ್, ತೂ ತೋ ಡಾಕ್ಟರ್ ಹೈ!" ಎಂದರು ಸೇಠ್. ಅಂದಿನಿಂದ ಎಲ್ಲರಿಗೂ ನಾನು ಡಾಕ್ಟರ್. ಬಡ್ತಿ ಬಂತು, ಸಂಬಳ ಹೆಚ್ಚಿತು, ಅದೆಲ್ಲ ಹೇಳುವಂಥದ್ದಲ್ಲ. ಆದರೆ ಆ ಹೆಸರು ಕೇಳಿದಾಗ ನನ್ನ ಎದೆ ಉಬ್ಬುತ್ತಿತ್ತು. ಲಾಂಡ್ರಿಯಲ್ಲಿ ಇನ್ನೊಬ್ಬ ಡಾಕ್ಟರ್ ಬರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ವಸಂತಿ ಬಂದದ್ದು ಕೌಂಟರಿಗೆ. ಮಾಟುಂಗದ ಉಡುಪಿ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದವಳು, ಕುಂದಾಪುರದ ಕಡೆಯವಳು. ನನಗಿಂತ ಕೆಲವು ವರ್ಷ ಚಿಕ್ಕವಳಷ್ಟೆ. ಬಟ್ಟೆ ತೆಗೆದುಕೊಳ್ಳುವುದು, ಚೀಟಿ ಹಚ್ಚುವುದು ಅವಳ ಕೆಲಸ. ಆದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಬಂದ ಗಿರಾಕಿಯ ಊರು, ಮಗಳ ಪರೀಕ್ಷೆ, ಅತ್ತೆಯ ಮೊಣಕಾಲು ಎಲ್ಲ ವಿಚಾರಿಸುತ್ತಿದ್ದಳು. ಇವಳಿಂದ ಕೌಂಟರಿನಲ್ಲಿ ಗದ್ದಲ ಜಾಸ್ತಿಯಾಯಿತೆಂದು ನಾನು ಸೇಠರ ಹತ್ತಿರ ಗೊಣಗಿದ್ದೂ ಉಂಟು.

ಅವಳು ಬಂದ ವರ್ಷವೇ ಮದುವೆಗಳ ಕಾಲದಲ್ಲಿ ಒಂದು ಕಷ್ಟ ಎದುರಾಯಿತು. ಡ್ರೈಕ್ಲೀನ್ ಮಾಡಿದ ಕೆನೆ ಬಣ್ಣದ ರೇಷ್ಮೆ ಅಂಗಿಗಳ ಎದೆಯ ಮೇಲೆ, ಇಸ್ತ್ರಿಯಾದ ನಂತರ ಕಂದು ಕಲೆಗಳು. ಒಂದಲ್ಲ, ಒಂದೇ ಮನೆತನದ ಹಲವು ಅಂಗಿಗಳು. ಇಸ್ತ್ರಿಯವನು ಇಂಡಿ ತಾಲೂಕಿನ ರಾಮಪ್ಪ. ಸುಟ್ಟಿದ್ದಾನೆಂದು ಸೇಠ್ ಅವನನ್ನು ಕೆಲಸದಿಂದ ತೆಗೆಯಲು ಹೊರಟರು.

"ಬಸಣ್ಣಾ, ನಾ ಸುಟ್ಟಿಲ್ರೀ. ನನ್ನ ಪೆಟ್ಟಿಗಿ ಅಷ್ಟು ಕಾದಿರಲೇ ಇಲ್ಲ. ನೀವರ ಹೇಳ್ರಿ ಸೇಠರಿಗೆ" ಎಂದು ರಾಮಪ್ಪ ನನ್ನ ಮೇಜಿನ ಹತ್ತಿರ ನಿಂತುಬಿಟ್ಟ. ನಾನು ಅಂಗಿಯನ್ನು ಬೆಳಕಿಗೆ ಹಿಡಿದೆ. ನೂಲು ಸುಟ್ಟಿರಲಿಲ್ಲ. ಆದರೆ ಕಂದು ಬಣ್ಣ ಸುಟ್ಟಂತೆಯೇ ಇತ್ತು. "ಒಂದು ದಿನ ತಡಿ" ಎಂದಷ್ಟೇ ಹೇಳಿದೆ.

ಆ ಒಂದು ದಿನದಲ್ಲಿ ವಸಂತಿ ಬಂದಳು. ಕೈಯಲ್ಲಿ ಒಂದು ಎಳನೀರು!

"ಬಸವರಾಜಣ್ಣ, ಅವರ ಮನೆಗೆ ಫೋನ್ ಮಾಡಿದೆ. ಮದುವೆ ಹೇಗಾಯ್ತು, ಊಟ ಎಂತ ಇತ್ತು ಅಂತ ಕೇಳಿದೆ. ಬಾಗಿಲಲ್ಲಿ ಬಂದವರಿಗೆಲ್ಲ ಎಳನೀರು ಕೊಟ್ರಂತೆ. ಸ್ಟ್ರಾ ಮುಗಿದುಹೋಗಿ ಗಂಡಸರೆಲ್ಲ ಹಾಗೇ ಎತ್ತಿ ಕುಡಿದ್ರಂತೆ. ಎದೆ ಮೇಲೆ ಬೀಳದೆ ಇರ್ತದಾ ಮಾರಾಯ್ರೆ?"

ಅವಳು ಒಂದು ರೇಷ್ಮೆ ತುಂಡಿನ ಮೇಲೆ ಎಳನೀರು ಚೆಲ್ಲಿ ಒಣಗಿಸಿದಳು. ಏನೂ ಕಾಣಲಿಲ್ಲ. ಡ್ರೈಕ್ಲೀನ್ ಯಂತ್ರದಲ್ಲಿ ಹಾಕಿ ತೆಗೆದೆವು. ಆಗಲೂ ಕಾಣಲಿಲ್ಲ. ರಾಮಪ್ಪ ಎಲ್ಲರೆದುರು ಪೆಟ್ಟಿಗೆ ಎಳೆದ. ಕಂದು ಕಲೆ ಹೂವು ಅರಳಿದಂತೆ ಮೇಲೆ ಬಂತು. ಡ್ರೈಕ್ಲೀನಿನ ಎಣ್ಣೆಯಲ್ಲಿ ಸಕ್ಕರೆ ಕರಗುವುದಿಲ್ಲ; ಉಳಿದ ಸಕ್ಕರೆ ಬಿಸಿ ತಾಗಿದಾಗ ಕಂದಾಗುತ್ತದೆ. ಇದು ನನಗೆ ಗೊತ್ತಿದ್ದ ವಿದ್ಯೆ! ಎಷ್ಟೋ ಜನರಿಗೆ ನಾನೇ ಹೇಳಿಕೊಟ್ಟಿದ್ದೆ. ಆದರೆ ಅಂಗಿಯನ್ನು ಮೂಸುತ್ತ ಕೂತ ನನಗೆ ಅದು ಹೊಳೆಯಲಿಲ್ಲ, ಫೋನ್ ಮಾಡಿದವಳಿಗೆ ಹೊಳೆಯಿತು.

ರಾಮಪ್ಪ ಅವಳ ಕಾಲಿಗೆ ಬೀಳುವುದೊಂದು ಬಾಕಿ. ಸೇಠ್ ನಕ್ಕು, "ಅರೇ, ಯಹಾಂ ತೋ ಲೇಡಿ ಡಾಕ್ಟರ್ ಭೀ ಹೈ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಊಟಕ್ಕೆ ಡಬ್ಬಿ ಬಿಚ್ಚಿ, ರೊಟ್ಟಿ ಮುಟ್ಟದೆ ಮತ್ತೆ ಮುಚ್ಚಿಟ್ಟೆ. ಎಳನೀರಿನಿಂದ ಆದ ಕಂದು ಕಲೆಗಳನ್ನು ಅಂಗಿಗಳಿಂದ ತೆಗೆದವನು ನಾನು. ಎರಡು ದಿನ ಕುಂಚ ಹಿಡಿದು ಕೂತೆ. ಅದನ್ನು ಯಾರೂ ಎತ್ತಿ ಹೇಳಲಿಲ್ಲ.

ಅಂದಿನಿಂದ ನನಗೆ ಅವಳ ಮೇಲೆ ಕಣ್ಣು. ಕೌಂಟರಿನಲ್ಲಿ ಅವಳು ನಕ್ಕರೆ ನನ್ನ ಮೇಜಿಗೆ ಕೇಳುತ್ತಿತ್ತು. ಸೇಠ್ ಒಳಗೆ ಬಂದು ಮೊದಲು ಯಾರ ಹತ್ತಿರ ನಿಲ್ಲುತ್ತಾರೆ ಎಂದು ನೋಡುತ್ತಿದ್ದೆ. ಮನೆಗೆ ಹೋದರೆ ಹೆಂಡತಿ ನೀಲವ್ವನ ಮುಂದೆ ಅವಳದೇ ಮಾತು. "ಆಕಿ ಏನ್ ಮಾಡ್ಯಾಳಂತ ಇಷ್ಟು ಕುದೀತೀರಿ? ಬಾಯಿ ತೆಗೆದು ಕೇಳ್ಯಾಳ. ನೀವೂ ಕೇಳ್ರಿ" ಎಂದಳು ನೀಲವ್ವ.

ಸರಿ, ನಾನೂ ಕೇಳುತ್ತೇನೆ ಎಂದು ಹೊರಟೆ. ಆ ಹೊತ್ತಿಗೆ ಒಂದು ಲೇಡೀಸ್ ಹಾಸ್ಟೆಲ್ಲಿನ ನೀಲಿ ಟವೆಲ್‌ಗಳ ಮೇಲೆ ಕಿತ್ತಳೆ ಬಣ್ಣದ ಮಚ್ಚೆಗಳು ಬೀಳುತ್ತಿದ್ದವು. ಬಣ್ಣ ಹತ್ತಿದ್ದಲ್ಲ, ನೀಲಿ ಬಣ್ಣವೇ ಹಾರಿಹೋಗಿ ಆದದ್ದು. ಯಂತ್ರದಲ್ಲಿ ಬ್ಲೀಚ್ ಉಳಿದಿದೆಯೇ ಎಂದು ನೋಡಿದೆ, ಇರಲಿಲ್ಲ. ಮಚ್ಚೆಗಳು ಟವೆಲ್ಲಿನ ನಡುವೆ, ಮುಖ ಒರೆಸುವಲ್ಲಿ ಮಾತ್ರ. ಮೊಡವೆಯ ಕ್ರೀಮಿನಲ್ಲಿ ಬಣ್ಣ ಹಾರಿಸುವ ಔಷಧಿ ಇರುತ್ತದೆ ಎಂದು ಎಲ್ಲೋ ಕೇಳಿದ್ದು ನೆನಪಾಯಿತು. ಈ ಸಲ ನಾನೇ ಮೊದಲು! ವಸಂತಿಗೆ ಸುಳಿವು ಕೊಡದೆ ಹಾಸ್ಟೆಲ್ಲಿಗೆ ಹೋದೆ. ವಾರ್ಡನ್ ಬಾಗಿಲು ತೆರೆದರು. ಪೀಠಿಕೆ ಹಾಕುವುದು ನನಗೆ ಬರುವುದಿಲ್ಲ.

"ಮೇಡಂ, ಇಲ್ಲಿ ಯಾವ ಯಾವ ಹುಡುಗಿಯರಿಗೆ ಮೊಡವೆ ಇದೆ?"

ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಮುಂದೆ ಏನಾಯಿತೆಂದು ವಿವರಿಸುವುದಿಲ್ಲ. ವಾಚ್‌ಮನ್ ನನ್ನನ್ನು ಗೇಟಿನವರೆಗೆ ಬಿಟ್ಟುಬಂದ. ಸೇಠರಿಗೆ ದೂರು ಹೋಗಿ, ಎಲ್ಲರೆದುರು ಕ್ರೀಮಿನ ವಿಷಯ ಬಾಯಿಬಿಡಬೇಕಾಯಿತು. ಮರುದಿನ ವಸಂತಿ ಅಲ್ಲಿಗೆ ಹೋಗಿ, ವಾರ್ಡನ್ ಜೊತೆ ಚಹಾ ಕುಡಿದು, "ನನ್ನ ತಂಗಿ ಮಗಳಿಗೂ ಇದೇ ಮೊಡವೆ ಕಾಟ ಮಾರಾಯ್ರೆ" ಎಂದು ಶುರುಮಾಡಿ, ಹುಡುಗಿಯರು ಹಚ್ಚುವ ಕ್ರೀಮಿನ ಟ್ಯೂಬನ್ನೇ ಕೇಳಿ ತಂದಳು. ಹಾಸ್ಟೆಲ್ಲಿನವರು ನೀಲಿ ಬಿಟ್ಟು ಬಿಳಿ ಟವೆಲ್ ಇಡಲು ಒಪ್ಪಿದರು. ಮಚ್ಚೆಯ ಮಾತೇ ಮುಗಿಯಿತು. ಕಾರಣ ನಾನು ಕಂಡುಹಿಡಿದಿದ್ದೆ. ಹೆಸರು ಅವಳಿಗೆ, ಗೇಟು ನನಗೆ.

ಈ ಕಾಲದಲ್ಲೇ ಲಾಂಡ್ರಿಯೂ ಬದಲಾಯಿತು. ಕೈಯಿಂದ ಅಳೆದು ಹಾಕುತ್ತಿದ್ದ ಸೋಪು, ಬ್ಲೀಚು ಹೋಗಿ ತಾನೇ ಅಳೆದು ಸುರಿಯುವ ಪಂಪುಗಳು ಬಂದವು. ಚೀಟಿಯ ಬದಲು ಬಾರ್‌ಕೋಡ್ ಬಂತು. ಸೇಠರ ಕೈಯಿಂದ ವ್ಯವಹಾರ ಅವರ ಮಗನ ಕೈಗೆ ಬಂತು. ಮಗ ಒಳ್ಳೆಯವನೇ, ಆದರೆ ಬಟ್ಟೆಯನ್ನು ಮುಟ್ಟುತ್ತಿರಲಿಲ್ಲ. ಫೋಟೋ ತೆಗೆದು ಕಳಿಸಿ ಎನ್ನುತ್ತಿದ್ದ. ಕಲೆಯನ್ನು ಫೋಟೋದಲ್ಲಿ ನೋಡಿ ನಿರ್ಧಾರ ಮಾಡಬೇಡಿ ಎಂದು ಹೊಸಬರಿಗೆ ಕೈಮುಗಿದು ಹೇಳುತ್ತೇನೆ. ಒಂದೇ ಕಂದು ಬಣ್ಣದ ಹಿಂದೆ ತುಕ್ಕು, ಚಹಾ, ಸಕ್ಕರೆ, ಔಷಧಿ ಯಾವುದು ಬೇಕಾದರೂ ಇರಬಹುದು. ಹಾಗೆ ದಾರಿ ತಪ್ಪಿಸಿದ ಕಲೆಯೊಂದು ನರ್ಸಿಂಗ್ ಹೋಮಿನಿಂದ ಬಂತು.

ಆ ನರ್ಸಿಂಗ್ ಹೋಮ್ ನಮ್ಮ ದೊಡ್ಡ ಗಿರಾಕಿ. ಅವರ ಚಾದರ, ರೋಗಿಗಳ ಗೌನುಗಳಲ್ಲಿ ಒಗೆದ ಮೇಲೆ ಕಂದು ತೇಪೆಗಳು ಬೀಳತೊಡಗಿದವು. ಮತ್ತೆ ಒಗೆದರೆ ಇನ್ನಷ್ಟು ಕಪ್ಪಾಗುತ್ತಿದ್ದವು. ತುಕ್ಕೆಂದುಕೊಂಡು ನೀರಿನ ಟ್ಯಾಂಕ್ ತೊಳೆಸಿದೆವು, ಪೈಪು ಬದಲಿಸಿದೆವು. ತುಕ್ಕು ತೆಗೆಯುವ ಔಷಧಿಗೆ ಕಲೆ ಅಲುಗಲಿಲ್ಲ. ಸರಿಹೋಗದಿದ್ದರೆ ಬೇರೆ ಲಾಂಡ್ರಿಗೆ ಕೊಡುತ್ತೇವೆಂದು ನರ್ಸಿಂಗ್ ಹೋಮಿನವರು ಹೇಳಿಬಿಟ್ಟರು. ಹಾಗಾದರೆ ಒಗೆಯುವ ವಿಭಾಗದ ಅರ್ಧ ಜನರಿಗೆ ಕೆಲಸ ಇರುವುದಿಲ್ಲ ಎಂದ ಸೇಠರ ಮಗ. ಅವರೆಲ್ಲ ನನ್ನ ಮುಖ ನೋಡುತ್ತಿದ್ದರು, ಯಾಕೆಂದರೆ ವಸಂತಿ ರಜೆಯಲ್ಲಿದ್ದಳು. ಅವಳಿಗೆ ಗರ್ಭಕೋಶದ ಆಪರೇಷನ್ ಆಗಿತ್ತು, ಅದೂ ಅದೇ ನರ್ಸಿಂಗ್ ಹೋಮಿನಲ್ಲಿ.

ನೀಲವ್ವ ನನ್ನನ್ನು ಎಳೆದುಕೊಂಡು ಅವಳನ್ನು ನೋಡಲು ಹೋದಳು. ಮೋಸಂಬಿ ಕೊಟ್ಟೆವು. ವಸಂತಿಯ ಮುಖ ಬಿಳಿಚಿಕೊಂಡಿತ್ತು, ಮಾತು ಮೆಲ್ಲಗಿತ್ತು. ಪಾಪ ಅನ್ನಿಸಿತು. ಅಷ್ಟರಲ್ಲಿ ಅವಳು ದಿಂಬಿನ ಪಕ್ಕದಿಂದ ಒಂದು ಪುಟ್ಟ ಬಾಟಲಿ ತೆಗೆದಳು. ಒಳಗೆ ಗುಲಾಬಿ ಬಣ್ಣದ ದ್ರವ.

"ಬಸವರಾಜಣ್ಣ, ಕಲೆಯ ವಿಷಯ ಫೋನಲ್ಲಿ ಕೇಳಿದೆ. ಇದು ನೋಡಿ. ಆಪರೇಷನ್‌ಗೆ ಮೊದಲು ಇದರಲ್ಲಿ ಮೈ ಒರೆಸ್ತಾರೆ. ಗೌನ್ ಪೂರಾ ಒದ್ದೆ ಆಯ್ತು. ನಾನು ನರ್ಸಮ್ಮನ ಹತ್ರ ಕೇಳಿದೆ. ಈಚೆಗೆ ಹೊಸದಾಗಿ ತಂದದ್ದಂತೆ, ಮೊದಲು ಬೇರೆ ಇತ್ತಂತೆ. ಈ ಬಣ್ಣವೇ ಬಟ್ಟೆಗೆ ಹಿಡೀತಾ ಉಂಟು. ನೀವೇ ಹೋಗಿ ಹೇಳಿ. ನನ್ನ ಹೆಸರು ಹೇಳುದು ಬೇಡ."

ಆಪರೇಷನ್ ಆಗಿ ಮಲಗಿದವಳ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸು ಮುಂಬೈಯಲ್ಲಿ ನಾನೊಬ್ಬನೇ ಇರಬೇಕು. ಟ್ಯಾಂಕಿನಲ್ಲಿ ಇಳಿದು ಕೆಸರು ಎತ್ತಿದವನು ನಾನು. ಮಂಚದ ಮೇಲೆ ಮಲಗಿದಲ್ಲಿಗೇ ಕಾರಣ ನಡೆದುಬಂದದ್ದು ಅವಳ ಹತ್ತಿರ. ಮೇಲಾಗಿ ಹೊಗಳಿಕೆಯನ್ನು ನನಗೆ ದಾನ ಬೇರೆ ಮಾಡುತ್ತಿದ್ದಾಳೆ! ಬೆಳಿಗ್ಗೆ ಲಾಂಡ್ರಿಗೆ ಹೋದವನೇ ಎಲ್ಲರೆದುರು, "ಇದು ವಸಂತಿ ಕಂಡುಹಿಡಿದದ್ದು" ಎಂದು ಬಾಟಲಿ ಎತ್ತಿ ತೋರಿಸಿದೆ. ಪ್ರಾಮಾಣಿಕತೆ ಅಲ್ಲ ಅದು. ಅವಳು ಬಿಟ್ಟುಕೊಟ್ಟದ್ದು ನನಗೆ ಬೇಡವಾಗಿತ್ತು.

ಆಮೇಲೆ ನನ್ನ ಮೇಜಿಗೆ ಕೂತು ಬಿಳಿ ಬಟ್ಟೆಯ ತುಂಡುಗಳ ಮೇಲೆ ಆ ದ್ರವವನ್ನು ಹನಿಸಿದೆ. ಒಂದನ್ನು ಸೋಪಿನಲ್ಲಿ ಒಗೆದೆ. ಗುಲಾಬಿ ಹೋಗಿ ಬೆಳ್ಳಗಾಯಿತು! ಅಂದರೆ ಬಣ್ಣ ಹಿಡಿಯುತ್ತಿಲ್ಲ. ಅದೇ ತುಂಡನ್ನು ಬ್ಲೀಚಿನ ನೀರಿಗೆ ಹಾಕಿದೆ. ನೋಡುತ್ತಿದ್ದಂತೆ ಬಿಳಿ ಬಟ್ಟೆಯಲ್ಲಿ ಕಂದು ತೇಪೆ ಎದ್ದಿತು. ಆ ಮದ್ದು ಕಣ್ಣಿಗೆ ಕಾಣದೆ ನೂಲಿನಲ್ಲಿ ಉಳಿಯುತ್ತದೆ, ನಮ್ಮ ಕ್ಲೋರಿನ್ ಬ್ಲೀಚ್ ತಾಗಿದರೆ ಕಂದಾಗುತ್ತದೆ. ಕಲೆ ಹೋಗಲೆಂದು ನಾವು ಮತ್ತೆ ಮತ್ತೆ ಬ್ಲೀಚ್ ಸುರಿದಷ್ಟೂ ಅದು ಗಟ್ಟಿಯಾಗುತ್ತಿತ್ತು. ಆ ನರ್ಸಿಂಗ್ ಹೋಮಿನ ಬಟ್ಟೆಗೆ ಕ್ಲೋರಿನ್ ನಿಲ್ಲಿಸಿ ಪೆರಾಕ್ಸೈಡ್ ಎಂಬ ಬೇರೆ ಬ್ಲೀಚ್ ಹಾಕಿಸಿದೆ. ಆಗಲೇ ಕಂದಾದ ಬಟ್ಟೆಗಳು ಹಾಗೇ ಉಳಿದವು. ಹೊಸ ಬಟ್ಟೆಗಳು ಬೆಳ್ಳಗೇ ಹೊರಬಂದವು. ಯಾರ ಕೆಲಸವೂ ಹೋಗಲಿಲ್ಲ.

ಎಲ್ಲರಿಗಿಂತ ಮೊದಲು ಈ ಸುದ್ದಿ ಹೇಳಬೇಕೆನಿಸಿದ್ದು ವಸಂತಿಗೆ. ಅಷ್ಟರಲ್ಲಿ ಅವಳು ಮನೆಗೆ ಬಂದಿದ್ದಳು. ಲೋಕಲ್ ರೈಲು ಹಿಡಿದು ಹೋದೆ, ದಾರಿಯುದ್ದಕ್ಕೂ ಮಾತು ಜೋಡಿಸುತ್ತ.

"ವಸಂತಿಬಾಯಾರ, ನೀವು ಹೇಳಿದ್ದು ಅರ್ಧ ತಪ್ಪು. ಬಣ್ಣ ಅಲ್ಲ. ಬ್ಲೀಚು" ಎಂದು ತುಂಡುಗಳನ್ನು ಅವಳ ಮುಂದೆ ಹರಡಿದೆ.

ಅವಳು ಒಂದೊಂದನ್ನೂ ಎತ್ತಿ ನೋಡಿದಳು. "ಹೌದಾ?" ಎಂದಳು. ಮುಖ ಸಣ್ಣದಾಯಿತು. "ನನಗೆ ಹೊಳೀಲೇ ಇಲ್ಲ ನೋಡಿ" ಎಂದು ಗೋಡೆಯ ಕಡೆ ತಿರುಗಿದಳು. ಕಣ್ಣಿನಲ್ಲಿ ಒಂದು ಉರಿ ಇತ್ತು. ಅದರ ಪರಿಚಯ ನನಗಿಂತ ಚೆನ್ನಾಗಿ ಯಾರಿಗಿದೆ? ಅಂದು ಮನೆಗೆ ಬಂದು ರೊಟ್ಟಿಯ ಮೇಲೆ ರೊಟ್ಟಿ ತಿಂದೆ. "ಹೊಲಿಗಿ ಬಿಚ್ಚಿಲ್ಲ ಆಕೀದು. ಆಕಿಗೆ ಸೋತಿ ಅಂತ ಹೇಳಾಕ ಹೋಗಿದ್ರೇನು?" ಎಂದು ನೀಲವ್ವ ಬೈದಳು. ಬೈಗಳೂ ಸಿಹಿಯಾಗಿದ್ದವು.

ವಸಂತಿ ಕೆಲಸಕ್ಕೆ ಮರಳಿದ ಮೇಲೆ ಒಂದು ಬೆಳಿಗ್ಗೆ ನನ್ನ ಮೇಜಿಗೆ ಬಂದು, "ಆ ಹನಿ ಹಾಕಿ ನೋಡುದು ಹೇಗೆ? ಹೇಳಿಕೊಡಿ" ಎಂದಳು. ಕಲಿಸಬಾರದು ಎಂದೇ ಇತ್ತು. ಆದರೆ ಅವಳು ಕೇಳಿದರೆ ಜನ ಹೇಳುತ್ತಾರೆ, ನಾನೂ ಹೇಳಿದೆ. ಕಲಿತಳು, ಬೇಗ ಕಲಿತಳು. ನಾನು ನಿವೃತ್ತನಾಗುವಾಗ ಸೇಠರ ಮಗ, "ಈ ಟೇಬಲ್ ಯಾರಿಗೆ ಕೊಡಲಿ?" ಎಂದು ಕೇಳಿದ. ಬೇರೆ ಹೆಸರುಗಳು ಬಾಯಿಯವರೆಗೆ ಬಂದವು. ಆ ಕೈಗಳಿಗೆ ಸಿಕ್ಕರೆ ಬನಾರಸಿ ಸೀರೆಗಳ ಗತಿ ಏನೆಂದು ಕಣ್ಣಮುಂದೆ ಬಂತು. "ವಸಂತಿಗೆ ಕೊಡಿ" ಎಂದೆ. ನನ್ನ ಬಾಯಿಂದಲೇ ಆಡಿದ ಮಾತು, ಈಗಲೂ ಚುಚ್ಚುತ್ತದೆ. ಕೌಂಟರಿಗೆ ಬೇರೆಯವರು ಬಂದರೂ ಕಲೆಯ ಬಟ್ಟೆ ಬಂದರೆ ಅವಳೇ ಹೊರಗೆ ಬಂದು ಗಿರಾಕಿಯೊಡನೆ ಮಾತಾಡುತ್ತಾಳೆ.

ನಿವೃತ್ತಿಯ ನಂತರ ನನ್ನ ಶರ್ಟುಗಳಲ್ಲೇ ಒಂದು ಕಲೆ ಶುರುವಾಯಿತು. ಮನೆಯಲ್ಲೇ ಒಗೆಯುವ ಬಿಳಿ ಶರ್ಟುಗಳು. ಒಗೆದ ಮೇಲೆ ಬೆನ್ನಿನಲ್ಲಿ ಸಾಲಾಗಿ ಕಂದು ಚುಕ್ಕೆಗಳು. ತುಕ್ಕು ಎಂದು ನೋಡಿದ ಕೂಡಲೇ ಗೊತ್ತಾಯಿತು. ಆದರೆ ಎಲ್ಲಿಯದು? ಬಟ್ಟೆ ಒಣಗಿಸುವ ತಂತಿ ಬದಲಿಸಿದೆ. ವಾಷಿಂಗ್ ಮೆಷಿನ್ ಬಿಚ್ಚಿಸಿದೆ. ಬಿಲ್ಡಿಂಗಿನ ಟ್ಯಾಂಕ್ ತೊಳೆಸಿಲ್ಲವೆಂದು ಸೊಸೈಟಿ ಸೆಕ್ರೆಟರಿ ಜೊತೆ ಜಗಳವಾಡಿದೆ. ಅವರು ನನ್ನನ್ನು ಕರೆದೊಯ್ದು ಹೊಳೆಯುವ ಟ್ಯಾಂಕನ್ನು ತೋರಿಸಿದರು. ಚುಕ್ಕೆ ಬೀಳುವುದು ನಿಲ್ಲಲಿಲ್ಲ, ಅದೂ ನನ್ನ ಶರ್ಟಿಗೆ ಮಾತ್ರ. "ವಸಂತಿಯವರಿಗೆ ತೋರಸ್ರಿ" ಎಂದಳು ನೀಲವ್ವ. ಬೇಕಾದರೆ ಚುಕ್ಕೆಯ ಶರ್ಟನ್ನೇ ಹಾಕಿಕೊಂಡು ತಿರುಗುತ್ತೇನೆ ಎಂದೆ.

ಬೆಳಿಗ್ಗೆ ನಾನು ನಡೆಯಲು ಹೋಗುತ್ತೇನೆ. ಆಂಟಾಪ್ ಹಿಲ್ಲಿನ ಮನೆಯಿಂದ ಬಸ್ಸಿನಲ್ಲಿ ಚೆಂಬೂರಿಗೆ ಬಂದು, ಒಂದು ಸುತ್ತು ಹಾಕಿ, ಲಾಂಡ್ರಿಯ ಎದುರು ರಸ್ತೆಯಾಚೆ ಇರುವ ಕಬ್ಬಿಣದ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂರುತ್ತೇನೆ. ಆಂಟಾಪ್ ಹಿಲ್‌ನಲ್ಲಿ ನಡೆಯಲು ಜಾಗವಿಲ್ಲವೇ ಎಂದು ನೀವು ಕೇಳಬಹುದು. ಇದೆ.

ಒಂದು ದಿನ ಹಾಗೆ ಕೂತಿದ್ದಾಗ ವಸಂತಿ ಲಾಂಡ್ರಿಯ ಬಾಗಿಲು ತಳ್ಳಿಕೊಂಡು ಹೊರಬಂದಳು. ರಿಕ್ಷಾಗಳ ನಡುವೆ ಕೈ ಅಡ್ಡ ಹಿಡಿದು ನೇರ ನನ್ನ ಕಡೆಗೇ ಬಂದಳು. ಎದ್ದು ಹೋಗಲು ಹೊತ್ತು ಸಾಲಲಿಲ್ಲ. ಅವಳ ತೋಳಿನ ಮೇಲೆ ನನ್ನ ಬಿಳಿ ಶರ್ಟು.

"ನೀಲಕ್ಕ ಕೊಟ್ಟು ಹೋದ್ರು. ಸ್ವಲ್ಪ ಮುಂದೆ ಬಗ್ಗಿ ಮಾರಾಯ್ರೆ" ಎಂದಳು.

ಬಗ್ಗಿದೆ. ಅವಳು ಶರ್ಟಿನ ಬೆನ್ನನ್ನು ಬೆಂಚಿನ ಒರಗುವ ಪಟ್ಟಿಗೆ ಹಿಡಿದಳು. ಚುಕ್ಕೆಗಳು ಒಂದೊಂದಾಗಿ ಬೋಲ್ಟುಗಳ ತುಕ್ಕು ಹಿಡಿದ ತಲೆಗಳ ಮೇಲೆ ಕೂತವು. ಒಂದೂ ಆಚೀಚೆ ಇರಲಿಲ್ಲ. ಬೆವರಿದ ಬೆನ್ನು, ತುಕ್ಕು ಹಿಡಿದ ಬೋಲ್ಟು.

"ತುಕ್ಕು ಅಂತ ನನಗೂ ಗೊತ್ತಿತ್ತು" ಎಂದೆ.

"ಗೊತ್ತಿರದೆ ಎಂತ? ನೀವೇ ಕಲಿಸಿದ್ದು ನನಗೆ."

"ಮತ್ತ ನಿಮಗ ಹ್ಯಾಂಗ ತಿಳೀತು? ನನ್ನ ಏನೂ ಕೇಳಲೇ ಇಲ್ಲಲ್ಲ ನೀವು."

"ಕೇಳ್ಲಿಕ್ಕೆ ಎಂತ ಉಂಟು? ದಿನಾ ಕಾಣ್ತದಲ್ಲ ಒಳಗಿನಿಂದ. ಮಳೆ ನಿಂತಾಗಿನಿಂದ ಇಲ್ಲೇ ಕೂತು ನಮ್ಮ ಬಾಗಿಲನ್ನೇ ನೋಡ್ತೀರಿ."

ನಾನು ರಸ್ತೆ ನೋಡಿದೆ. ಅವಳು ಶರ್ಟನ್ನು ಮಡಚಿಕೊಂಡಳು.

"ಇದನ್ನು ತೆಗೆದು ಕೊಡ್ತೇನೆ. ಆದ್ರೆ ನಾಳೆ ಮತ್ತೆ ಇಲ್ಲೇ ಕೂತ್ರೆ ಮತ್ತೆ ಬರ್ತದೆ. ಒಳಗೆ ಬಂದು ಕೂತ್ಕೊಳ್ಳಿ, ಕುರ್ಚಿ ಉಂಟು."

ಅಷ್ಟರಲ್ಲಿ ಯಾರೋ ಕೌಂಟರ್ ಮೇಲೆ ಸೀರೆ ಹರಡುತ್ತಿರುವುದು ಗಾಜಿನ ಆಚೆ ಕಾಣಿಸಿತು. ಅವಳು ಗಡಬಡಿಸಿ ರಸ್ತೆ ದಾಟಿದಳು. ಸೀರೆಯ ಹೆಂಗಸಿನ ತೋಳು ಮುಟ್ಟಿ ಏನೋ ಕೇಳಿದಳು. ಆ ಹೆಂಗಸು ಹೇಳತೊಡಗಿದಳು, ಹೇಳುತ್ತಲೇ ಇದ್ದಳು.

ಮರುದಿನವೂ ಹೋದೆ. ಒಳಗಲ್ಲ, ಬೆಂಚಿಗೆ. ಮನೆಯಿಂದ ಒಂದು ದಪ್ಪ ಟವೆಲ್ ಒಯ್ದು ಬೆನ್ನಿಗೆ ಹಾಕಿಕೊಂಡು ಕೂತೆ. ಈಗ ಶರ್ಟುಗಳು ಬೆಳ್ಳಗೇ ಇವೆ.